ಪಂಗಾನಿಯ ಮೇಷ್ಟ್ರ ಕೊನೆಯ ಅಧ್ಯಾಯ

ಮೇಷ್ಟ್ರ ಬಲಗೈ ಸದಾ ನಡುಗುತ್ತಿತ್ತು. ಮಾತಾಡುವಾಗ ಅದರ ಮೇಲೆ ಎಡಗೈ ಇಟ್ಟು, ಓಡಿಹೋಗುವ ಮಗುವನ್ನು ಹಿಡಿದು ಕೂರಿಸಿಕೊಂಡವರಂತೆ ಕೂರುತ್ತಿದ್ದರು.

ನೈರೋಬಿಯ ಪಂಗಾನಿ ಬಡಾವಣೆಯಲ್ಲಿ ಅವರದು ಕೆಳಗಿನ ಮನೆ, ನನ್ನದು ಅದರ ಮೇಲಿನದು. ನಾನು ಬೆಂಗಳೂರಿನಿಂದ ಇಲ್ಲಿನ ರಿವರ್‌ಸೈಡಿನ ಆಫೀಸಿಗೆ ವರ್ಗವಾಗಿ ಬಂದವಳು. ಅವರು ಇಲ್ಲಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಲೇ ಮುದುಕರಾದವರು. ಮೆಟ್ಟಿಲ ಮೇಲೆ ನಾನು ಅಮ್ಮನ ಜೊತೆ ಫೋನಿನಲ್ಲಿ ಜಗಳವಾಡುವುದನ್ನು ಕೇಳಿ ಬಾಗಿಲು ತೆರೆದು, "ಬೈಯೋದು ಮುಗೀತಾಮ್ಮ? ಒಳಗೆ ಬಾ, ಕಾಫಿ ಇದೆ" ಎಂದರು. ಪರಿಚಯವಾದದ್ದು ಹಾಗೆ.

ಅವರೊಂದು ಪುಸ್ತಕ ಬರೆಯುತ್ತಿದ್ದರು, ಕನ್ನಡದಲ್ಲೇ. ಹತ್ತೊಂಬತ್ತನೇ ಶತಮಾನದ ಒಬ್ಬ ಅಮೆರಿಕನ್ ಸೇನಾಧಿಕಾರಿಯ ಜೀವನಕಥೆ. ಪಶ್ಚಿಮದ ಬಯಲಿನ ಕೋಟೆಯಲ್ಲಿ ಕುದುರೆ ದಳದಲ್ಲಿದ್ದವನು. ಅಲ್ಲಿನ ಮೂಲನಿವಾಸಿಗಳ ಮೇಲೆ ನಡೆದ ಯುದ್ಧದಲ್ಲಿ ಬಲತೋಳಿಗೆ ಗುಂಡು ಬಿದ್ದು, ಸೈನ್ಯ ಬಿಟ್ಟು ಕಾದಂಬರಿಕಾರನಾದ. ಪೆನ್ನು ಹಿಡಿಯಲಾಗದೆ, ಆಗಷ್ಟೇ ಬಂದಿದ್ದ ಧ್ವನಿಮುದ್ರಣ ಯಂತ್ರಕ್ಕೆ ಕಥೆ ಹೇಳುತ್ತಿದ್ದನಂತೆ. ಮೈಸೂರಿನಲ್ಲಿ ಹುಡುಗನಾಗಿದ್ದಾಗ ಅವನ ಒಂದು ಹರಕು ಪುಸ್ತಕ ಓದಿದಂದಿನಿಂದ ಮೇಷ್ಟ್ರಿಗೆ ಅವನ ಹುಚ್ಚು. "ಇವರಿಗೆ ನನಗಿಂತ ಆ ಮಿಲಿಟರಿಯವನೇ ಹತ್ತಿರ" ಎಂದು ಅವರ ಹೆಂಡತಿ ಛೇಡಿಸುತ್ತಿದ್ದರು.

ಈಗ ಮೇಷ್ಟ್ರೂ ಹೇಳುವವರು. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಟೈಪ್ ಮಾಡುವವಳು. ಆದರೆ ಕಾಯಿಲೆ ಕೈಯಿಂದ ಗಂಟಲಿಗೂ ಹಬ್ಬಿತ್ತು. ವಾರದಿಂದ ವಾರಕ್ಕೆ ದನಿ ಸಣ್ಣಗಾಗುತ್ತಿತ್ತು. ನನ್ನದು ಮೊದಲೇ ಪುಕ್ಕಲು ಜೀವ. ಫೋನಿನ ವಾಲ್ಯೂಮ್ ಪೂರ್ತಿ ಏರಿಸಿಯೂ ಕಿವಿಗೆ ಒತ್ತಿ ಹಿಡಿಯಬೇಕಾಗಿ ಬಂದ ದಿನ ಎಷ್ಟು ಉಳಿದಿದೆ ಎಂದು ನೋಡಿದೆ. ಕೊನೆಯ ಅಧ್ಯಾಯ ಇನ್ನೂ ಶುರುವೇ ಆಗಿರಲಿಲ್ಲ. ಅವರೋ ಹಿಂದಕ್ಕೆ ಹೋಗಿ ಆ ಅಧಿಕಾರಿಯ ಕುದುರೆಯ ಬಣ್ಣ ತಿದ್ದಿಸುತ್ತಾ ಕೂರುತ್ತಿದ್ದರು.

"ಸರ್, ಕೊನೇದು ಶುರು ಮಾಡೋಣ್ವಾ?"

"ಮಾಡೋಣಮ್ಮ, ಮಾಡೋಣ."

ಕಾರಣವನ್ನು ಒಂದು ದಿನ ತಾವಾಗಿ ಹೇಳಿದರು. ಹಿಂದೆ ಕ್ಲಾಸಿನಲ್ಲಿ ಈ ಅಧಿಕಾರಿಯ ಸಾಹಸ ಬಣ್ಣಿಸುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳಂತೆ. ಅವಳ ಅಜ್ಜಿಯನ್ನು ಬ್ರಿಟಿಷರು ಸ್ವಂತ ಹೊಲದಿಂದ ಓಡಿಸಿದ್ದರು. "ಮ್ವಾಲಿಮು," ಎಂದಳಂತೆ, ಇಲ್ಲಿ ಮೇಷ್ಟ್ರನ್ನು ಹಾಗೆ ಕರೆಯುತ್ತಾರೆ, "ಆ ಕೋಟೆ ಇದ್ದದ್ದು ಯಾರ ನೆಲದಲ್ಲಿ?"

"ಪರೀಕ್ಷೆಗೆ ಬರಲ್ಲ, ಕೂತ್ಕೋ ಅಂದ್ಬಿಟ್ಟೆ. ಆ ಹುಡುಗಿಗೆ ಈಗ ಉತ್ತರ ಕೊಟ್ರೆ ಇಷ್ಟು ವರ್ಷ ಮೆಚ್ಕೊಂಡವನನ್ನ ಕಳ್ಕೋತೀನಿ. ಕೊಡದಿದ್ರೆ ಈ ಪುಸ್ತಕ ಯಾಕಮ್ಮ?" ಎಂದರು.

ಒಂದು ಶನಿವಾರ ಮಧ್ಯಾಹ್ನ ಅವರೇ ಕರೆಸಿದರು. ರಸ್ತೆಯಲ್ಲಿ ಮಟಾಟು ವ್ಯಾನುಗಳ ಹಾರ್ನು, ಅವುಗಳ ಹಾಡು. ಕಿಟಕಿ ಮುಚ್ಚಿ, ಫೋನನ್ನು ಅವರ ಬಾಯಿಗೆ ಹಿಡಿದು, ನಾನೂ ಕಿವಿಗೊಟ್ಟೆ. ಆ ಹುಡುಗಿಯ ಪ್ರಶ್ನೆಯಿಂದಲೇ ಶುರು ಮಾಡಿದರು. ನಡುನಡುವೆ ಉಸಿರು ತೆಗೆದುಕೊಳ್ಳುತ್ತಾ ಅಧ್ಯಾಯ ಮುಗಿಸಿ ಕಣ್ಣು ಮುಚ್ಚಿದರು.

ಮೇಲೆ ಬಂದು ರೆಕಾರ್ಡಿಂಗ್ ಹಾಕಿದರೆ, ಮಟಾಟು ಹಾರ್ನಿದೆ, ಅವರ ಅಡುಗೆಮನೆಯ ಕುಕ್ಕರಿನ ಸೀಟಿಯಿದೆ, ಮೇಷ್ಟ್ರ ದನಿ ಇಲ್ಲ. ಮತ್ತೆ ಹಾಕಿದೆ. ಇಲ್ಲ. ಇನ್ನೊಮ್ಮೆ ಹೇಳಿ ಎಂದು ಯಾವ ಬಾಯಲ್ಲಿ ಕೇಳಲಿ? ನೆನಪು ಆರುವ ಮುಂಚೆ ಟೈಪ್ ಮಾಡಲು ಕೂತೆ.

ಮರುದಿನ ಹಾಳೆ ಹಿಡಿದು ಕೆಳಗಿಳಿದಾಗ ಮೇಷ್ಟ್ರಿಗೆ ಪಿಸುಮಾತೂ ಹೊರಡುತ್ತಿರಲಿಲ್ಲ. ಅವರ ಹೆಂಡತಿಯೇ ಉಪಾಯ ಹೇಳಿದರು. "ನೀನು ಓದಮ್ಮ. ತಪ್ಪಿದ್ರೆ ಕೈ ಒತ್ತುತ್ತಾರೆ." ಆ ನಡುಗುವ ಕೈಯನ್ನು ನನ್ನ ಮಣಿಕಟ್ಟಿನ ಮೇಲೆ ಇಟ್ಟುಕೊಂಡು ಓದಿದೆ. ಅಲ್ಲಲ್ಲಿ ಒತ್ತಿದರು, ತಿದ್ದಿಕೊಂಡೆ. ಕೊನೆಯ ಸಾಲು ಬಂತು: "ಅವನ ಕಾದಂಬರಿಗಳಲ್ಲಿ ಕೋಟೆಯೊಳಗಿನ ಔತಣವಿದೆ, ಹೊರಗಿನ ಹಸಿವಿಲ್ಲ. ಅವನಿಗೆ ಅದು ಕಾಣಲಿಲ್ಲ."

ಬೆರಳುಗಳು ಬಿಗಿದವು. ಮೇಷ್ಟ್ರಿಗೆ ನೋವಾಗದಿರಲೆಂದು ನಾನೇ ಮೆತ್ತಗೆ ಮಾಡಿದ ಸಾಲು ಅದು. ಅಳಿಸಿ, ಅವರು ಹೇಳಿದ್ದನ್ನೇ ಬರೆದು ಓದಿದೆ: "ಅವನು ಅದನ್ನು ನೋಡಿದ್ದ. ಬರೆಯಲಿಲ್ಲ." ಬೆರಳು ಸಡಿಲವಾದವು. ಮೇಷ್ಟ್ರ ಕಣ್ಣಲ್ಲಿ ನೀರಿತ್ತು.

ಪುಸ್ತಕ ಅಚ್ಚಾಗಿ ಬರುವಷ್ಟರಲ್ಲಿ ಅವರು ಹೋಗಿದ್ದರು. ನನ್ನ ಪುಕ್ಕಲುತನವೇನೂ ಹೋಗಿಲ್ಲ. ಆದರೆ ಆಫೀಸಿನಲ್ಲಿ ಯಾರಿಗೋ ಹೆದರಿ, ಕಂಡದ್ದನ್ನು ಕಾಣಲಿಲ್ಲ ಎಂದು ಬರೆಯಹೊರಟಾಗಲೆಲ್ಲ ಮಣಿಕಟ್ಟಿನ ಮೇಲೆ ಆ ಕೈ ನಡುಗುತ್ತದೆ. ಅಳಿಸಿ, ಮತ್ತೆ ಬರೆಯುತ್ತೇನೆ.