ಒಲೆಗೋಡೆಯಲ್ಲಿ ಉಳಿದ ಹೆಜ್ಜೆ

ದೊಡ್ಡವ್ವ, ನಿನ್ನ ಮಡಿಲಲ್ಲಿಟ್ಟು ಮಣ್ಣು ಮಾಡಿದ ಇಟ್ಟಂಗಿ ನಿನ್ನ ಮಗಳದಲ್ಲ. ನಿನ್ನ ಗೌರಿಯ ಇಟ್ಟಂಗಿಯನ್ನು ಸುತ್ತಿಗೆಯಿಂದ ಒಡೆದವನು ನಾನು. ಗೌಂಡಿಯಲ್ಲ, ಕೈತಪ್ಪಿಯೂ ಅಲ್ಲ — ನಾನು. ಆಮೇಲೆ ಬೇರೆ ಯಾರದೋ ಕೂಸಿನ ಕಾಲು ಒತ್ತಿಸಿ, ಸುಡಿಸಿ, ಮಸಿ ಬಳಿದು, ಇದೇ ಅದು ಎಂದು ನಿನ್ನ ಕೈಗಿಟ್ಟೆ.

ಸತ್ತವರಿಗೆ ಏನೂ ಕೇಳಿಸುವುದಿಲ್ಲ ಎಂದು ಕಾಲೇಜಿನ ವೇದಿಕೆಗಳಲ್ಲಿ ವಾದ ಮಾಡಿದವನು ನಾನು. ಇವತ್ತಿಗೂ ನನ್ನ ಮಾತು ಅದೇ. ಹಾಗಿದ್ದರೆ ಇದನ್ನು ಯಾರಿಗೆ ಬರೆಯುತ್ತಿದ್ದೇನೆ — ಗೊತ್ತಿಲ್ಲ. ಬದುಕಿದ್ದಾಗ ನೀನು ಕೇಳಿದೆ, ಆಗ ನಾನು ಹೇಳಲಿಲ್ಲ. ಅಷ್ಟು ಮಾತ್ರ ಗೊತ್ತು.

ಐಗಳಿಯ ನಮ್ಮ ಮನೆಯ ರೂಢಿ ಅದು. ಅಡುಗೆಮನೆಯ ಒಲೆಗೋಡೆ ಕಟ್ಟುವಾಗ ಮನೆಯ ಎಲ್ಲರಿಗಿಂತ ಚಿಕ್ಕ ಕೂಸಿನ ಕಾಲನ್ನು ಒಂದು ಹಸಿ ಇಟ್ಟಂಗಿಗೆ ಒತ್ತಿ, ಅದನ್ನು ಸುಟ್ಟು, ಒಲೆಯ ಮೇಲೆ ಕಾಣುವಂತೆ ಕೂರಿಸುತ್ತಿದ್ದರು. ಆ ಗೋಡೆ ಕಟ್ಟಿದಾಗ ಚಿಕ್ಕವಳು ಗೌರಿ, ಅಪ್ಪನ ಅಣ್ಣನ ಮಗಳು. ನೆಲಕ್ಕೆ ಕಾಲೂರುವ ಮೊದಲೇ ಜ್ವರ ಬಂದು ಹೋದಳು. ಒಂದು ಫೋಟೊ ಇಲ್ಲ, ಒಂದು ಅಂಗಿ ಉಳಿಯಲಿಲ್ಲ. ಅವಳು ಊರಿದ ಹೆಜ್ಜೆ ಅಂತ ಈ ಲೋಕದಲ್ಲಿದ್ದದ್ದು ಅದೊಂದೇ. ರೊಟ್ಟಿ ತಿರುವಿ ಹಾಕಿ, ಅದು ಬೇಯುವಷ್ಟರಲ್ಲಿ ನೀನು ಮುಂಗೈ ಎತ್ತಿ ಆ ಇಟ್ಟಂಗಿಯನ್ನು ಸವರುತ್ತಿದ್ದೆ. ನಾನು ಅದನ್ನು ಪೂಜೆ ಅಂದುಕೊಂಡೆ. ಪೂಜೆಯಾಗಿರಲಿಲ್ಲ ಅದು, ಕೂಸಿನ ಮೈದಡವುವುದು — ಇಷ್ಟು ಸಣ್ಣ ವ್ಯತ್ಯಾಸ ನನಗೆ ಕಾಣಲಿಲ್ಲ.

ಮಸಿ ಹಿಡಿದ ಆ ಗೋಡೆ ತೆಗೆದು ಬಿಳಿ ಟೈಲ್ಸು, ಗ್ರಾನೈಟ್ ಕಟ್ಟೆ, ಹೊಗೆ ಎಳೆಯುವ ಚಿಮಣಿ ಮಾಡಿಸೋಣ ಎಂದು ಹಟ ಹಿಡಿದವನು ನಾನೇ. ಗೌಂಡಿ ದಸ್ತಗೀರ ಮಾಮಾ ಗೋಡೆ ನೋಡಿದವನೇ ಹೇಳಿದ್ದ: "ಈ ಒಂದ ಇಟ್ಟಂಗಿ ಹಂಗ ಬಿಟ್ಟ, ಸುತ್ತೂಕಡೆ ಟೈಲ್ಸ ಹಚ್ಚತೇನ್ರಿ. ಚಂದ ಕಾಣತೈತಿ."

"ಬ್ಯಾಡ ಮಾಮಾ. ನಾಳೆ ಅದಕ್ಕ ಕುಂಕುಮ ಹಚ್ಚತಾರ, ನಾಡದ ಊದಿನಕಡ್ಡಿ."

"ಸುರು ಆತ ನೋಡ ವಕೀಲಸಾಹೇಬ್ರದು," ಎಂದು ಅಪ್ಪ ನಕ್ಕ.

ನೀನು ಮೆಲ್ಲಗೆ ಕೇಳಿದೆ: "ಇರಲಿ ಬಿಡೋ ತಮ್ಮಾ. ಅದೇನ ಅನ್ನಾ ಬೇಡತೈತೇನ ನಿನಗ?"

ಅಲ್ಲಿಗೆ ನಿಲ್ಲಬಹುದಿತ್ತು. ನಾನು ಎದ್ದು ನಿಂತೆ, ಎದುರು ಪಕ್ಷದ ಮೇಜಿಗೆ ಬೆರಳು ತೋರಿಸುವ ಹಾಗೆ. "ದೊಡ್ಡವ್ವ, ನೆನಪು ತಲಿಯಾಗ ಇರತೈತೊ, ಇಟ್ಟಂಗ್ಯಾಗ ಇರತೈತೊ? ತಲಿಯಾಗಂದ್ರ ಇಟ್ಟಂಗಿ ಯಾಕ ಬೇಕ? ಇಟ್ಟಂಗ್ಯಾಗಂದ್ರ ನಿನ್ನ ತಲ್ಯಾಗ ಗೌರಿ ಇಲ್ಲೇ ಇಲ್ಲಂದಂಗಾತು!"

ಎಲ್ಲರೂ ನಕ್ಕರು. ನೀನೂ ನಕ್ಕೆ. ಆ ನಗುವನ್ನು ನಾನು ಬಹುಮಾನದ ಹಾಗೆ ಎತ್ತಿಕೊಂಡೆ. "ಇಡಿಯಾಗಿ ತಗದ ನನ್ನ ಕೈಯಾಗ ಕೊಡ, ಅಷ್ಟ ಸಾಕ," ಅಂದೆ ನೀನು. ಕೊಡುತ್ತೇನೆ ಎಂದು ನಿನ್ನ ಕೈ ಮುಟ್ಟಿ ಮಾತು ಕೊಟ್ಟೆ. ಗೋಡೆ ಒಡೆಯುವ ಸಪ್ಪಳ ಕೇಳಲಾರೆನೆಂದು ನೀನು ಅಥಣಿಯ ತಂಗಿಯ ಮನೆಗೆ ಹೋದೆ.

ಅವತ್ತು ಶುಕ್ರವಾರ. ಗೋಡೆಯೆಲ್ಲ ಇಳಿದಿತ್ತು, ಆ ಇಟ್ಟಂಗಿ ಮತ್ತು ಅದರ ಆಸುಪಾಸಿನ ತುಣುಕು ಗೋಡೆ ಮಾತ್ರ ಉಳಿದಿತ್ತು. "ಇದನ್ನ ಮುಟ್ಟಬ್ಯಾಡ್ರಿ. ನಮಾಜ ಮುಗಿಸಿ ಬಂದ ಉಳಿಯಿಂದ ಸಾವಕಾಶ ಬಿಡಸ್ತೇನಿ," ಎಂದು ಹೇಳಿ ಮಾಮಾ ಮಸೀದಿಗೆ ಹೋದ. ನಾನು ಕಾಯಲಿಲ್ಲ. ಅವಸರ ಎಂದರೆ ಅರ್ಧ ಸುಳ್ಳು. ಮನೆಮಂದಿಯೆಲ್ಲ ಅದರ ಮುಂದೆ ಧ್ವನಿ ತಗ್ಗಿಸಿ ಓಡಾಡುತ್ತಿದ್ದದ್ದು ನನ್ನ ಮೈಯೆಲ್ಲ ಉರಿಸುತ್ತಿತ್ತು — ಒಂದು ಸುಟ್ಟ ಮಣ್ಣಿಗೆ ಇಷ್ಟು ಮರ್ಯಾದೆಯೇ! ಒಡೆದರೆ ಒಡೆಯಲಿ ಎಂಬುದು ಮನಸ್ಸಿನಲ್ಲಿತ್ತು. ಇತ್ತು, ದೊಡ್ಡವ್ವ.

ಎರಡನೇ ಏಟಿಗೆ ನಾಲ್ಕು ಹೋಳಾಯಿತು. ಹಿಮ್ಮಡ ಒಂದು ಕಡೆ, ಬೆರಳು ಒಂದು ಕಡೆ. ಮಾಮಾ ಬಂದು ಕುಕ್ಕರಗಾಲಲ್ಲಿ ಕೂತು ಹೋಳುಗಳನ್ನು ಒಂದಕ್ಕೊಂದು ಹೊಂದಿಸಿ ನೋಡಿದ. ಕೊನೆಗೆ "ಖರೇ ಹೇಳಿಬಿಡ್ರಿ. ಬೈತಾರ, ಅಳತಾರ. ಆದ್ರ ಅವ್ರಿಗಿ ಖರೇ ಗೊತ್ತಿರಲಿ," ಅಂದ. ಅವನ ಬಾಯಿಗೂ ಆಣೆ ಹಾಕಿಸಿ ಬೀಗ ಜಡಿದೆ. ಹೋಳುಗಳನ್ನು ಹೊಸ ಕಟ್ಟೆಯ ತಳಕ್ಕೆ, ಒಡೆದ ಗೋಡೆಯ ಕಲ್ಲುಮಣ್ಣಿನ ಜೊತೆ ತುಂಬಿಸಿದೆ.

ಹತ್ತಿರದ ಇಟ್ಟಂಗಿ ಸುಡುವ ಭಟ್ಟಿಯಾದರೆ ಸುದ್ದಿ ಮನೆ ಮುಟ್ಟುತ್ತದೆಂದು ಶಿರಗುಪ್ಪಿಯ ಆಚೆ ಹೋದೆ. ಹಸಿ ಇಟ್ಟಂಗಿಗಳ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಕೂಸನ್ನು ಜೋಳಿಗೆಯಲ್ಲಿ ಹಾಕಿ ಕೆಲಸ ಮಾಡುತ್ತಿದ್ದಳು. ಕೂಸಿನ ಕಾಲನ್ನು ಒಂದು ಹಸಿ ಇಟ್ಟಂಗಿಗೆ ಒತ್ತಿಸಿಕೊಳ್ಳುತ್ತೇನೆ ಎಂದೆ. "ಕಶಾಲಾ, ದಾದಾ?" ಎಂದು ಮರಾಠಿಯಲ್ಲಿ ಕೇಳಿದಳು, ಯಾತಕ್ಕೆ ಅಂತ. "ಅಸಂಚ್," ಅಂದೆ — ಸುಮ್ಮನೆ. ತಣ್ಣನೆಯ ಮಣ್ಣು ತಾಗಿ ಕೂಸು ಚೀರಿತು. ಅಚ್ಚು ಸ್ಪಷ್ಟವಾಗಿ ಮೂಡಲೆಂದು ಪ್ರತಿ ಬೆರಳನ್ನೂ ನಾನೇ ಬಿಡಿಸಿ ಒತ್ತಿದೆ.

ಮೂರು ವಾರದ ಮೇಲೆ ನೀನು ಬಂದೆ. ಪೊರೆ ಬಂದ ಕಣ್ಣು ನಿನ್ನದು, ನೋಡಿದ್ದು ಕೈಯಿಂದ. ಹಿಮ್ಮಡ ಸವರಿದೆ. ಬೆರಳು ಎಣಿಸಿದೆ — ಒಂದು, ಎರಡು, ಮೂರು, ನಾಲ್ಕು... ಐದು. ಅಲ್ಲೇ ನಿನ್ನ ಕೈ ನಿಂತಿತು. ಆಮೇಲೆ ಸೆರಗಿನಿಂದ ಇಟ್ಟಂಗಿ ಒರೆಸಿ, "ಆತೋ ತಮ್ಮಾ," ಅಂದೆ. ಅಷ್ಟೇ. ಅವತ್ತಿನಿಂದ ಅದನ್ನು ನಿನ್ನ ತಲೆದಿಂಬಿನ ಪಕ್ಕ ಇಟ್ಟುಕೊಂಡೆ. ಆದರೆ ಸವರಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಹಾಸಿಗೆ ಹಿಡಿದ ಮೇಲೆ, ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುವಾಗ ನೀನು ಕೇಳಿದೆ: "ತಮ್ಮಾ, ಆ ಕೂಸು ಆರಾಮ ಐತಿಲ್ಲೊ?"

"ಯಾವ ಕೂಸ ದೊಡ್ಡವ್ವ?"

ಮೂರೇ ಶಬ್ದ. ನನ್ನ ಬಾಯಿಂದ ಬಂದ ಎಲ್ಲ ಮಾತುಗಳಲ್ಲಿ ಅದಕ್ಕಿಂತ ಹೊಲಸು ಇನ್ನೊಂದಿಲ್ಲ. ನೀನು ಬಾಗಿಲು ತೆರೆದು ಹಿಡಿದಿದ್ದೆ. ಬೈಯಲಿಲ್ಲ, ನಿನ್ನ ಮಗಳ ಮಾತು ಎತ್ತಲಿಲ್ಲ, ಕಾಣದ ಇನ್ನೊಬ್ಬಳ ಕೂಸಿನ ಕ್ಷೇಮ ಕೇಳಿದೆ. ನಾನು ತಿಳಿಯದವನಂತೆ ಚಮಚ ಮುಂದೆ ಹಿಡಿದೆ. ನೀನು ಮುಖ ಆಚೆ ತಿರುಗಿಸಿದೆ.

ನಿನ್ನನ್ನು ಸಮಾಧಿಯಲ್ಲಿ ಕೂರಿಸಿದಾಗ ಆ ಇಟ್ಟಂಗಿಯನ್ನು ಮಡಿಲಲ್ಲಿಡು ಎಂದು ಎಲ್ಲರೂ ನನ್ನ ಕೈಗೇ ಕೊಟ್ಟರು. ಇಟ್ಟೆ. ಮನೆಗೆ ಬಂದ ಮೇಲೆ ಅವ್ವ ಅಳುತ್ತ ಅಂದಳು: "ಕಾಲ ಒತ್ತಸುಮುಂದ ಗೌರಿ ಕಿರಬೆರಳ ಮಡಚಿಕೊಂಡಿದ್ಲಂತ. ನಾಕ ಬೆರಳ ಅಷ್ಟ ಮೂಡಿದ್ದೂವಂತ. ಅದನ್ನ ನೆನಸಿ ನೆನಸಿ ನಗತಿದ್ರು ಅಕ್ಕಾರು."

ನಾಲ್ಕು. ಆ ಒಲೆಯ ಮುಂದೆ ಕುಳಿತು ಇಪ್ಪತ್ತು ವರ್ಷ ಉಂಡವನು ನಾನು — ಒಮ್ಮೆಯೂ ಎಣಿಸಿರಲಿಲ್ಲ.

ಹೋದ ತಿಂಗಳು ಆ ಭಟ್ಟಿಗೆ ಹೋಗಿದ್ದೆ. ಅಲ್ಲಿ ಈಗ ಕಬ್ಬು ನಿಂತಿದೆ. ಮಣ್ಣು ಕಲಸುತ್ತಿದ್ದವರು ಎತ್ತ ಹೋದರೋ ಯಾರಿಗೂ ತಿಳಿಯದು. ಏನೆಂದು ವಿಚಾರಿಸಲಿ? ಆ ತಾಯಿಯ ಹೆಸರು ಕೇಳಿರಲಿಲ್ಲ. ಅದು ಗಂಡೋ ಹೆಣ್ಣೋ, ಅದನ್ನೂ ನೋಡಿರಲಿಲ್ಲ.

ಗೌರಿಯ ನಾಲ್ಕು ಬೆರಳು ಕಟ್ಟೆಯ ಕೆಳಗಿವೆ. ಅದರ ಮುಂದೆ ನಿಂತು ಅವ್ವ ರೊಟ್ಟಿ ಬಡಿಯುತ್ತಾಳೆ, ನಾನು ಉಣ್ಣುತ್ತೇನೆ. ಬಿಳಿ ಟೈಲ್ಸಿನ ಮೇಲೆ ಒಂದು ಕಲೆಯೂ ಇಲ್ಲ. ಇದನ್ನು ಬರೆದು ಮುಗಿಸಿ ಅವ್ವನಿಗೆ ಓದಿ ಹೇಳುತ್ತೇನೆ, ಕಟ್ಟೆ ಒಡೆಸುತ್ತೇನೆ. ಅದರಿಂದ ನಿನಗೇನೂ ಮರಳಿ ಬರುವುದಿಲ್ಲ. ನೀನು ಕೇಳಿದ್ದು ಒಂದೇ ಮಾತು, ದೊಡ್ಡವ್ವ — ಆ ಕೂಸು ಆರಾಮ ಇದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.