ದುಬೈನಲ್ಲಿ ಮಂಗಳಾ ಅಳೆದ ಮೊಳ

ನನ್ನ ಮೈದುನ ಮಹದೇವಪ್ಪನ ಮಗಳು ಸರ್ವಮಂಗಳಾ ಹೂವು ಕಟ್ಟೋದನ್ನ ಕಲಿತಿದ್ದು ನನ್ನ ಪಕ್ಕ ಕೂತು. ಒಂಟಿಕೊಪ್ಪಲಿನ ದೇವಸ್ಥಾನದ ಎದುರು ನನ್ನ ಹೂವಿನ ಬುಟ್ಟಿ ಇರ್ತಿತ್ತು. ಸ್ಕೂಲು ಬಿಟ್ಟ ಕೂಡಲೇ ಬಂದು, ಬಾಳೆನಾರು ನೆನೆಸಿ, ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕಟ್ತಾ ಕೂರೋಳು. ಎರಡು ಮೊಗ್ಗಿನ ನಡುವೆ ನಾರು ಕಂಡರೆ ನಾನು ಬಿಚ್ಚಿಸಿ ಮತ್ತೆ ಕಟ್ಟಿಸ್ತಿದ್ದೆ. ಅತ್ತುಕೊಂಡೇ ಕಟ್ಟಿದಳು, ಆದರೆ ಕಲಿತಳು.

ಮದುವೆಯಾಗಿ ೧೯೯೬ರಲ್ಲಿ ಗಂಡ ಮಹಾಂತೇಶನ ಜೊತೆ ದುಬೈಗೆ ಹೋದಳು. ಅಳಿಯಂದಿರಿಗೆ ಅಲ್ಲಿ ಒಂದು ಗೋಡೌನಿನಲ್ಲಿ ಕೆಲಸ. ಮೂರು ವರ್ಷ ಆದ ಮೇಲೆ ನಮ್ಮ ಬೀದಿಯ ಗೋವಿಂದರಾಜು ಅವರ ದಿನಸಿ ಅಂಗಡಿಗೆ ಫೋನ್ ಮಾಡಿ ನನ್ನನ್ನ ಕರೆಸಿದಳು.

"ದೊಡ್ಡಮ್ಮ, ಇಲ್ಲಿ ಹೂವಿನಂಗಡಿ ಇಡ್ತಿದೀನಿ. ನೀವೇ ಬಂದು ದೀಪ ಹಚ್ಚಬೇಕು."

ಗೋವಿಂದರಾಜು ಪಕ್ಕದಲ್ಲೇ ನಿಂತು ಎಲ್ಲಾ ಕೇಳಿಸಿಕೊಂಡಿದ್ದರು. "ಆ ಊರಲ್ಲಿ ತೆರಿಗೇನೇ ಇಲ್ಲ ಕಣಮ್ಮ! ನಾನಿಲ್ಲಿ ಸೇಲ್ಸ್ ಟ್ಯಾಕ್ಸಿನೋರಿಗೆ ಕೈ ಮುಗಿದು ಮುಗಿದು ಬೆರಳು ಸವೆದೋಗಿದೆ. ನಿಮ್ಮ ಹುಡುಗಿಗೇನು, ಬಂದಿದ್ದೆಲ್ಲಾ ಗಂಟು!" ಅಂದರು.

ಹೋಗಿ ನೋಡಿದ ಮೇಲೆ ನನಗೆ ಗೊತ್ತಾಯ್ತು. ದುಡಿದಿದ್ದಕ್ಕೆ ತೆರಿಗೆ ಇಲ್ಲ, ನಿಜ. ಆದರೆ ಅಂಗಡಿ ಬಾಡಿಗೆ ಇದೆ, ಲೈಸೆನ್ಸ್ ಇದೆ, ಕೆಲಸದವರ ವೀಸಾ ಇದೆ. ಗಂಡ ಹೆಂಡತಿ ಕೂಡಿಟ್ಟಿದ್ದೆಲ್ಲಾ ಅದಕ್ಕೇ ಹೋಗಿತ್ತು. ಸಾಲದ್ದಕ್ಕೆ ಆ ಊರಿನವರೊಬ್ಬರು ರುಜು ಹಾಕಿ ಜೊತೆಗಿರಬೇಕು. ಒಬ್ಬರು ವಯಸ್ಸಾದವರು ಒಪ್ಪಿಕೊಂಡಿದ್ದರು. "ಅಂಗಡಿ ಮೇಲೆ ಒಂದು ದೂರು ನಿಂತರೂ ನಾನು ಹಿಂದೆ ಸರೀತೀನಿ" ಅಂತ ಮೊದಲೇ ಹೇಳಿದ್ದರು. ಅವರು ಸರಿದರೆ ಅಂಗಡಿ ಇಲ್ಲ.

ಅಂಗಡಿ ಇದ್ದದ್ದು ನಮ್ಮ ದೇಶದವರ ದೇವಸ್ಥಾನಕ್ಕೆ ಹೋಗೋ ಗಲ್ಲಿಯಲ್ಲಿ. ಕೆಲಸಕ್ಕೆ ಜೋಸೆಫಿನ್ ಅಂತ. ಅವಳೂ ಮೈಸೂರಿನವಳೇ, ದೊಡ್ಡ ಚರ್ಚಿನ ಹಿಂದಿನ ಬೀದಿ. ಆಳೂ ಎತ್ತರ, ಕೈಯೂ ಉದ್ದ. ನಮ್ಮ ಮಂಗಳಾ ಕುಳ್ಳಿ.

ನಾನು ದೀಪ ಹಚ್ಚಿದೆ. ವಿಮಾನದಲ್ಲಿ ಬಂದ ಮೊಗ್ಗನ್ನ ಒದ್ದೆ ಬಟ್ಟೆಯಿಂದ ತೆಗೆದು ಮೂವರೂ ಕಟ್ಟಿದ್ದೆವು. ಒಂದು ಮೊಳಕ್ಕೆ ಇಷ್ಟು ಅಂತ ಬೋರ್ಡು ಹಾಕಿದ್ದಳು. ಮಂಗಳಾ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಅಳೆದಳು, ಅಲ್ಲಿಗೇ ಕತ್ತರಿಸಿದಳು.

"ಕೊಸರು ಎಲ್ಲೇ?" ಅಂದೆ. ನಮ್ಮಲ್ಲಿ ಅಳೆದ ಮೇಲೆ ಒಂಚೂರು ಜಾಸ್ತಿ ಬಿಡದೆ ಯಾರು ಹೂವು ಕೊಡ್ತಾರೆ?

"ದೊಡ್ಡಮ್ಮ, ಇದು ಫಾರಿನ್ನು. ಇಲ್ಲಿ ಬರೆದಷ್ಟಕ್ಕೆ ಬರೆದಷ್ಟೇ. ಕೊಸರು ಗಿಸರು ಎಲ್ಲಾ ಇಲ್ಲ."

ಅವಳ ಅಂಗಡಿ. ನಾನು ಮುಂದಿನ ಮೊಗ್ಗಿಗೆ ಕೈ ಹಾಕಿದೆ.

ನಾಲ್ಕು ದಿನದಲ್ಲಿ ಗಿರಾಕಿಗಳೆಲ್ಲಾ ಜೋಸೆಫಿನ್ ಮುಂದೆ ಸಾಲು ನಿಂತರು. ಮಂಗಳಾ ಮುಂದೆ ಒಂದು ನೊಣಾನೂ ಇಲ್ಲ. ಮಂಡ್ಯದ ಕಡೆಯ ಹೆಂಗಸೊಬ್ಬಳು ನಗಾಡಿದಳು: "ನಿಮ್ದು ಮೊಳ ಅಲ್ಲ ಕಣ್ರೀ, ಗೇಣು!" ಮಂಗಳಾ ಮುಖ ಕೆಂಪಾಯ್ತು. ಇದೇ ಮಾತನ್ನ ನನಗೂ ಎಷ್ಟೋ ಜನ ಅಂದಿದ್ದಾರೆ. ಕೊಸರು ಬಿಟ್ಟರೆ ನಕ್ಕೊಂಡು ಹೋಗೋರು. ಇಲ್ಲಿ ಹಾಗಾಗಲಿಲ್ಲ, ಯಾರೋ ಹೋಗಿ ಮುನಿಸಿಪಾಲಿಟಿಗೆ ದೂರು ಕೊಟ್ಟರು.

ಅಲ್ಲಿಂದ ತಪಾಸಣೆಯವರೊಬ್ಬರು ಬಂದರು. ಬಿಳೀ ನಿಲುವಂಗಿ, ಮೆತ್ತಗಿನ ಮಾತು, ಹಿಂದೀಲಿ. ಮಹಾಂತೇಶ್ ಪಕ್ಕದಲ್ಲಿ ನಿಂತು ನನಗೆ ಬಿಡಿಸಿ ಹೇಳಿದರು.

"ಒಂದು ಮೊಳ ಅಂದರೆ ಎಷ್ಟು?"

ಮಂಗಳಾ ಕೈ ಚಾಚಿದಳು. ಅವರು ಜೋಸೆಫಿನ್‌ಗೂ ಚಾಚು ಅಂದರು. ಇಬ್ಬರೂ ಅಳೆದ ಮೊಳ ಹೂವನ್ನ ಮೇಜಿನ ಮೇಲೆ ಜೊತೆಗೆ ಮಲಗಿಸಿದರು. ನಾಲ್ಕು ಬೆರಳಷ್ಟು ವ್ಯತ್ಯಾಸ.

"ಎರಡು ಕೈ, ಒಂದು ರೇಟು. ಯಾವ ಕೈ ಸರಿ?"

"ದೇವರು ಕೊಟ್ಟಿದ್ದು ಸಾರ್, ನಾನೇನು ಮಾಡ್ಲಿ?" ಅಂದಳು ಜೋಸೆಫಿನ್. ಅವರು ನಗಲಿಲ್ಲ. ಶನಿವಾರ ಮತ್ತೆ ಬರ್ತೀನಿ, ಎಲ್ಲರಿಗೂ ಒಂದೇ ಅಳತೆ ಇರಬೇಕು, ಇಲ್ಲದಿದ್ದರೆ ಬಾಗಿಲಿಗೆ ಸೀಲು ಅಂತ ಹೇಳಿ ಹೋದರು.

ಅವತ್ತು ಸಂಜೆ ಯಾರಿಗೂ ಊಟ ಸೇರಲಿಲ್ಲ. "ಅಳೆಯೋದು ನೀನೊಬ್ಬಳೇ ಅಳಿ. ಒಂದೇ ಕೈ ಆಗುತ್ತಲ್ಲ" ಅಂದರು ಮಹಾಂತೇಶ್.

"ನಾನು ಜ್ವರ ಬಂದು ಮಲಗಿಬಿಟ್ರೆ? ಕೈ ಬಿಚ್ಚಿಟ್ಟು ಬರ್ಲಾ?"

"ಹಾಗಾದ್ರೆ ಮೀಟರ್ ಲೆಕ್ಕಕ್ಕೆ ಮಾರು. ಲುಕ್ಸಾನಾಗದ ಹಾಗೆ ಸ್ವಲ್ಪ ಬಿಡಿಬಿಡಿಯಾಗಿ ಕಟ್ಟು."

"ನಾರು ಕಂಡ್ರೆ ದೊಡ್ಡಮ್ಮ ಇಲ್ಲೇ ನನ್ನ ಕೈ ಮುರೀತಾರೆ ಕಣ್ರೀ. ಅಲ್ನೋಡಿ, ಹೆಂಗೆ ಕೂತವ್ರೆ!" ಅಂದಳು. ಆಗ ಎಲ್ಲರೂ ನಕ್ಕೆವು.

ಬೆಳಿಗ್ಗೆ ಎದ್ದು ಅವಳೇ ಹೋಗಿ ಉಕ್ಕಿನ ಸ್ಕೇಲು ತಂದು ಮೇಜಿನ ಅಂಚಿಗೆ ಮೊಳೆ ಹೊಡೆಸಿದಳು. ಬೋರ್ಡಿನಲ್ಲಿ ಮೊಳ ಅಳಿಸಿ ಅರ್ಧ ಮೀಟರ್ ಅಂತ ಬರೆಸಿ, ಅದಕ್ಕೆ ತಕ್ಕ ಹಾಗೆ ರೇಟು ಏರಿಸಿದಳು. ಬಿಡಿಬಿಡಿಯಾಗಿ ಕಟ್ಟಲಿಲ್ಲ.

ಶುಕ್ರವಾರ ಅದೇ ಮಂಡ್ಯದೋಳು ಬಂದಳು. "ಅಯ್ಯೋ, ವಾರ ಆಗೋಕೆ ಮುಂಚೆಯೇ ರೇಟು ಏರಿಸಿಬುಟ್ರಾ?" ಅಂತ ಶುರುಮಾಡಿದಳು. ಮಂಗಳಾ ಹೂವನ್ನ ಸ್ಕೇಲಿನ ಮೇಲೆ ಎಳೆದು, ಗೆರೆಗೆ ಹೆಬ್ಬೆರಳು ಇಟ್ಟು, ಅಲ್ಲಿಂದ ಮೂರು ಬೆರಳು ಮುಂದಕ್ಕೆ ಸರಿದು ಕತ್ತರಿಸಿದಳು.

"ಇದೇನ್ರೀ?"

"ಕೊಸರು. ಊರಲ್ಲಿ ತಗೋತಿರ್ಲಿಲ್ವಾ?"

ಆ ಹೆಂಗಸು ಹೂವು ಮುಡಿದುಕೊಂಡು, ಇನ್ನೊಂದು ಅರ್ಧ ಮೀಟರ್ ಕೊಡಿ ಅಂದಳು. ನಾನು ಮಂಗಳಾ ಕಡೆ ನೋಡಿದೆ. ಅವಳು ಬೇಕಂತಲೇ ನನ್ನ ಕಡೆ ನೋಡಲಿಲ್ಲ.

ಶನಿವಾರ ತಪಾಸಣೆಯವರು ಬಂದು, ಮಂಗಳಾ ಒಂದು ಸಲ, ಜೋಸೆಫಿನ್ ಒಂದು ಸಲ ಅಳೆಯೋದನ್ನ ನೋಡಿದರು. ಆಮೇಲೆ ಹುಬ್ಬು ಗಂಟಿಕ್ಕಿದರು. "ಸ್ಕೇಲು ಇಲ್ಲಿ ನಿಲ್ಲುತ್ತೆ, ಕತ್ತರಿ ಅಲ್ಲಿಗೆ ಹೋಗುತ್ತೆ. ಮತ್ತೆ ತಪ್ಪು ಅಳತೆ ಅಲ್ವಾ?"

ಮಂಗಳಾ ತನಗೆ ಬರೋ ಹಿಂದೀಲೇ ಹೇಳಿದಳು: "ಕಮ್ಮಿ ಆದ್ರೆ ನೀವು ಕೇಳಿ ಸಾಹೇಬ್ರೇ. ಜಾಸ್ತಿ ಆದ್ರೆ ದೇವರು ಕೇಳ್ಕೊಳ್ಲಿ."

ಅವರು ತಪಾಸಣೆ ಕಾಗದಕ್ಕೆ ರುಜು ಹಾಕಿದರು. ತಾಯಿಗೆ ಅಂತ ಒಂದು ಮೀಟರ್ ಹೂವು ಕೇಳಿದರು. ದುಡ್ಡು ಬೇಡ ಅಂದರೂ ಬಿಡದೆ ಕೊಟ್ಟರು. ಮಂಗಳಾ ಗೆರೆ ದಾಟಿ ಮೂರು ಬೆರಳು ಸರಿಯೋವರೆಗೂ ಅವರು ಕತ್ತರಿ ಮೇಲಿಟ್ಟ ಕಣ್ಣು ತೆಗೀಲಿಲ್ಲ.

ಈಗ ಅವಳಿಗೆ ಎರಡು ಅಂಗಡಿ. ಎರಡನೆಯದರಲ್ಲಿ ಜೋಸೆಫಿನ್ ಪಾಲುದಾರಳು, ಅಲ್ಲಿಯ ಮೇಜಿಗೂ ಸ್ಕೇಲು ಹೊಡೆದಿದೆ.

ನಾನು ವಾಪಸ್ಸು ಬಂದಾಗ ಗೋವಿಂದರಾಜು ಅಂಗಡಿಯಿಂದಲೇ ಕೂಗಿದ್ದರು: "ಏನಮ್ಮ, ನಿಜವಾಗ್ಲೂ ತೆರಿಗೆ ಇಲ್ವಾ?"

"ಇಲ್ಲಪ್ಪ. ಆದ್ರೆ ಕೊಸರು ಕೊಡಬೇಕು" ಅಂದೆ.