ಎರಡು ಬಾಗಿಲ ಫ್ರಿಜ್ಜು, ಅಕ್ಕನ ವಿಮಾನ

ಹೋದ ತಿಂಗಳು ಬ್ಯಾಂಕಿನಿಂದ ಒಂದು ದಪ್ಪ ಲಕೋಟೆ ಬಂತು. ಅಜ್ಜಂಪುರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಸುಟ್ಟುಹೋದ ಪಂಪುಸೆಟ್ಟಿನ ಮೋಟರುಗಳಿಗೆ ಹೊಸ ತಂತಿ ಸುತ್ತುವುದು ನನ್ನ ಕಸುಬು. ಅಲ್ಲಿ ತಂತಿಗೆ ಹಚ್ಚುವ ವಾರ್ನಿಷ್ ವಾಸನೆಯ ಮುಂದೆ ಬೇರೆ ಯಾವ ವಾಸನೆಯೂ ನಿಲ್ಲುವುದಿಲ್ಲ. ಎದುರಿನ ಹೋಟೆಲಿನವನು ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದಾನೆ ಎಂದು ನನಗೆ ಗೊತ್ತಾಗುವುದು ಜನ ಮುತ್ತಿಕೊಂಡ ಮೇಲೆಯೇ. ಆದರೆ ಆ ಲಕೋಟೆ ಹರಿದಾಗ ಹೊಸ ಪ್ಲಾಸ್ಟಿಕ್ಕಿನ ವಾಸನೆ ಮಾತ್ರ ಸೀದಾ ಮೂಗಿಗೆ ಬಂತು. ಹಳೆಯ ಕ್ರೆಡಿಟ್ ಕಾರ್ಡಿನ ಅವಧಿ ಮುಗಿದದ್ದಕ್ಕೆ ಹೊಸದನ್ನು ಕಳಿಸಿದ್ದರು. ಬೇರೆಯವರಿಗಾದರೆ ಅದೊಂದು ಕಾರ್ಡು. ನನಗೆ ಅದನ್ನು ಕೈಯಲ್ಲಿ ಹಿಡಿದು ಕೂತಾಗ ನಮ್ಮ ಜಯಕ್ಕನ ಮುಖ ನೋಡಿದ ಹಾಗಾಯಿತು.

ಜಯಕ್ಕ ನನ್ನ ಒಬ್ಬಳೇ ಅಕ್ಕ. ಅಮೃತಾಪುರಕ್ಕೆ ಕೊಟ್ಟಿದೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮನೆಯ ಕಷ್ಟದಿಂದ ಬಿಟ್ಟೆ ಎಂದು ಹೇಳಿಕೊಳ್ಳಬಹುದಿತ್ತು, ಆದರೆ ನಿಜವಾಗಿ ಓದು ತಲೆಗೆ ಹತ್ತಲಿಲ್ಲ. ಅವಳು ಎಸ್ಸೆಸ್ಸೆಲ್ಸಿ ಪಾಸು. ಹಾಗಾಗಿ ಮೊದಲಿಂದಲೂ ನನ್ನ ಕಾಗದ ಪತ್ರವನ್ನೆಲ್ಲ ಓದುತ್ತಿದ್ದವಳು ಅವಳೇ. ಅಂಗಡಿಗೆ ಕರೆಂಟಿನ ಅರ್ಜಿ ಹಾಕುವಾಗ ಮೀಟರಿನ ಫಾರಂ ಹಿಡಿದುಕೊಂಡು ನಾನು ಎರಡು ಬಸ್ಸು ಬದಲಾಯಿಸಿ ಅವಳ ಮನೆಗೆ ಹೋಗಿದ್ದೆ. ಅವಳು ಬೆರಳಿಟ್ಟ ಕಡೆ ಸಹಿ ಹಾಕಿದೆ.

ಇಲ್ಲಿ ನನ್ನ ಒಂದು ಚಾಳಿಯನ್ನೂ ಹೇಳಿಬಿಡಬೇಕು. 'ನಾನು ಓದಿಲ್ಲ ಸ್ವಾಮಿ' ಎನ್ನುವ ಮಾತು ಬಹಳ ಅನುಕೂಲದ್ದು, ನೀವು ಓದಿದವರಾದರೆ ನಿಮಗೆ ಅದರ ಸುಖ ಗೊತ್ತಿರಲಾರದು. ಬ್ಯಾಂಕಿನ ಸಾಲಿನಲ್ಲಿ ಹಾಗೆಂದರೆ ಯಾರೋ ಪಾಪ ಎಂದು ಚಲನ್ನು ಬರೆದು ಕೊಡುತ್ತಾರೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು ಬೈಯುವುದನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಗಿರಾಕಿ ಕೆಲಸ ಸರಿಯಿಲ್ಲ ಎಂದು ಜಗಳಕ್ಕೆ ಬಂದರೂ ಅದೇ ಮಾತು. ಮಳೆಗೂ ಆಯಿತು, ಬಿಸಿಲಿಗೂ ಆಯಿತು ಎನ್ನುವ ಕೊಡೆಯಂತೆ ನಾನು ಅದನ್ನು ವರ್ಷಗಟ್ಟಲೆ ಬಿಚ್ಚಿ ಹಿಡಿದಿದ್ದೆ.

ಕಾರ್ಡಿನ ಕಥೆಗೆ ಬರುತ್ತೇನೆ. ನಮ್ಮ ಊರು ಬುಕ್ಕಾಂಬುಧಿಯ ಪಕ್ಕ, ಅಲ್ಲಿ ನಮ್ಮ ತೆಂಗಿನ ತೋಟ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಮರ ಹೇಳುವುದುಂಟು. ಪೂರ್ವದ ಕಡೆಯ ಎರಡು ಸಾಲು ಜಯಕ್ಕನದು ಎಂದು ಅಪ್ಪ ಬಾಯಲ್ಲಿ ಹೇಳಿ ಹೋದರು. ತೋಟದ ಖಾತೆ ನನ್ನ ಹೆಸರಿನಲ್ಲಿ, ಆ ಎರಡು ಸಾಲಿನ ಕಾಯಿ ಅವಳದು. ಕಾಯಿ ನಮ್ಮ ಮನೆಯ ಅಟ್ಟದಲ್ಲಿ ವರ್ಷದ ಹತ್ತಿರ ಒಣಗಿ ಕೊಬ್ಬರಿಯಾಗಬೇಕು. ಆಮೇಲೆ ನನ್ನದರ ಜೊತೆಯಲ್ಲೇ ಮಾರಾಟ, ದುಡ್ಡು ನನ್ನ ಬ್ಯಾಂಕ್ ಖಾತೆಗೆ. ಅವಳು ಕೇಳಿದಾಗ ತೆಗೆದು ಕೊಡುತ್ತಿದ್ದೆ, ಅದರಲ್ಲಿ ಮೋಸ ಮಾಡಿದವನಲ್ಲ. ಆದರೆ ಅವಳು ಕೇಳುತ್ತಿದ್ದುದೇ ಅಪರೂಪ. ನನ್ನ ಖಾತೆ ಯಾವಾಗಲೂ ತುಂಬಿದ ಹಾಗೆ ಕಾಣುತ್ತಿದ್ದುದಕ್ಕೆ ಅದೇ ಕಾರಣ. ಅದನ್ನು ನೋಡಿಯೇ ಬ್ಯಾಂಕಿನವರು ಕ್ರೆಡಿಟ್ ಕಾರ್ಡು ಕೊಡುತ್ತೇವೆ ಎಂದು ಫೋನ್ ಮಾಡಿದರು. ಕಾರ್ಡು ತೆಗೆದುಕೊಂಡರೆ ಒಂದು ಉಡುಗೊರೆ. ಮೊದಲ ಸಲ ಏನು ಕೊಂಡರೂ ಬಿಲ್ಲಿನಲ್ಲಿ ಮೂರು ಸಾವಿರ ಕಡಿತ, ಇಲ್ಲವೇ ವಿಮಾನದ ಪಾಯಿಂಟು. ಆ ಪಾಯಿಂಟಿಗೆ ಶಿವಮೊಗ್ಗದಿಂದ ಬೆಂಗಳೂರಿಗೆ ಒಬ್ಬರ ಟಿಕೆಟ್ಟು ಬರುತ್ತಿತ್ತು.

ಜಯಕ್ಕನಿಗೆ ಫೋನಿನಲ್ಲಿ ಹೇಳಿದೆ. ಅವಳಿಗೆ ಹೇಳದೆ ನಾನು ಯಾವ ಕಾಗದಕ್ಕೂ ಸಹಿ ಹಾಕಿದವನಲ್ಲ.

"ವಿಮಾನದ್ದು ತಗೊಳ್ಳೋ," ಅಂದಳು, ಒಂದು ಕ್ಷಣವೂ ಯೋಚಿಸದೆ.

"ಯಾರು ಹೋಗ್ತಾರಕ್ಕ ಅದ್ರಲ್ಲಿ?"

"ನಾನು ಹೋಗ್ತೀನಿ ಕಣೋ. ಯಾಕೆ, ನಾನು ಹತ್ತಿದ್ರೆ ಏಳಲ್ವಾ ಅದು?"

ಅವಳ ಮನೆಯ ಮೇಲೆ ಆಗ ಹೊಸದಾಗಿ ವಿಮಾನ ಓಡಾಡುತ್ತಿತ್ತು. ಪಾತ್ರೆ ತೊಳೆಯುವುದನ್ನು ಬಿಟ್ಟು ತಲೆ ಎತ್ತಿ ನಿಲ್ಲುತ್ತಿದ್ದಳು ಎಂದು ಭಾವ ನಗುತ್ತಿದ್ದರು. ಅವಳಿಗೆ ಬೆಂಗಳೂರು ಬೇಕಿರಲಿಲ್ಲ. ಚಿಕ್ಕವರಿದ್ದಾಗ ನಾವಿಬ್ಬರೂ ನಮ್ಮ ದೊಡ್ಡ ಕೆರೆಯ ಏರಿಯ ಮೇಲೆ ನಿಂತು ಕಿತ್ತಾಡುತ್ತಿದ್ದೆವು. ಆ ಕೆರೆ ಪೂರ್ತಿ ಹೇಗಿದೆ ಎಂದು ಎಲ್ಲಿ ನಿಂತರೂ ಕಾಣುವುದಿಲ್ಲ. ನಾನು ಮೊರದ ಹಾಗಿದೆ ಎನ್ನುತ್ತಿದ್ದೆ, ಅವಳು ಬೆರಳು ಬಿಡಿಸಿದ ಅಂಗೈ ಹಾಗಿದೆ ಎನ್ನುತ್ತಿದ್ದಳು. ಅದನ್ನು ಮೇಲಿನಿಂದ ಒಂದು ಸಲ ನೋಡಬೇಕು ಎನ್ನುವುದು ಅವಳ ಆಸೆ. "ಅರ್ಧ ಪಾಯಿಂಟು ನಂದೇ ತಾನೇ, ನನ್ನ ಕಾಯಿ ನೋಡ್ಕೊಂಡೇ ಕೊಟ್ಟಿರೋದು ನಿಂಗೆ," ಎಂದು ನಕ್ಕಳು. ತಮಾಷೆಗೆ ಅಂದದ್ದು, ಆದರೆ ನಿಜವಾಗಿತ್ತು.

ಕಾರ್ಡು ಬಂತು. ಕಡೂರಿನ ಒಂದು ಅಂಗಡಿಗೆ ಫ್ರಿಜ್ಜು ತರಲು ಹೋದೆ. ಮನೆಯಿಂದ ಹೊರಡುವಾಗ ಒಂದು ಬಾಗಿಲಿನದು ಎಂದೇ ಮಾತಾಗಿತ್ತು. ನನ್ನ ಹೆಂಡತಿಗೂ ಅದಕ್ಕಿಂತ ಹೆಚ್ಚಿನ ಆಸೆ ಇರಲಿಲ್ಲ. ಅಂಗಡಿಯೊಳಗೆ ಎರಡು ಬಾಗಿಲಿನದು ನಿಂತಿತ್ತು, ಕೆಂಪು ಬಣ್ಣ, ಮದುವೆ ಗಂಡಿನ ಹಾಗೆ. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಎರಡು ಬಾಗಿಲಿನದು ಇರಲಿಲ್ಲ. ಲಗೇಜ್ ಆಟೋದಿಂದ ಅದನ್ನು ಇಳಿಸುವಾಗ ಯಾರು ಯಾರು ಜಗಲಿಯಿಂದ ಎದ್ದು ಬರುತ್ತಾರೆ ಎಂದು ನಾನು ಅಲ್ಲೇ ಲೆಕ್ಕ ಹಾಕಿದೆ. ಮೂರು ಸಾವಿರ ಕಡಿತವಾದರೆ ಕೈಗೆ ಎಟುಕುತ್ತಿತ್ತು.

ಬಿಲ್ಲು ಮಾಡುವ ಕಡೆ ಬ್ಯಾಂಕಿನ ಪರವಾಗಿ ಒಬ್ಬಳು ಹುಡುಗಿ ಕೂತಿದ್ದಳು. ಒಳ್ಳೆಯ ಹುಡುಗಿ. ಉಡುಗೊರೆ ಯಾವುದು ಎಂದು ಫೋನಿನಲ್ಲಿ ಒತ್ತಬೇಕಿತ್ತು. ಪರದೆಯ ಮೇಲಿದ್ದುದು ಇಂಗ್ಲಿಷು. ಅವಳು ನಿಧಾನವಾಗಿ ಕನ್ನಡದಲ್ಲಿ ಹೇಳಿದಳು: "ಅಣ್ಣ, ಇದು ಒತ್ತಿದ್ರೆ ಈಗ್ಲೇ ಬಿಲ್ಲಲ್ಲಿ ಕಮ್ಮಿ ಆಗುತ್ತೆ. ಇದು ಒತ್ತಿದ್ರೆ ವಿಮಾನದ ಪಾಯಿಂಟು. ಒಂದ್ಸಲ ಒತ್ತಿದ್ರೆ ಆಯ್ತು, ಆಮೇಲೆ ಬದಲಾಯ್ಸಕ್ಕಾಗಲ್ಲ." ನಾನು ಸುಮ್ಮನಿದ್ದುದನ್ನು ನೋಡಿ ಅರ್ಥವಾಗಿಲ್ಲವೇನೋ ಎಂದು ಇನ್ನೊಂದು ಸಲ ಹೇಳಿದಳು. ನನಗೆ ಮೊದಲ ಸಲಕ್ಕೇ ಅರ್ಥವಾಗಿತ್ತು. ಎರಡನೇ ಸಲ ಹೇಳುವಷ್ಟು ಹೊತ್ತು ನನಗೆ ಯೋಚಿಸಲು ಸಿಕ್ಕಿತು. ಅದರಲ್ಲಿ ಅಕ್ಕನ ನೆನಪೂ ಬಂತು. ಬಂದ ಮೇಲೂ ನಾನು ಕಡಿತವನ್ನೇ ಒತ್ತಿದೆ.

ಇಷ್ಟೇ ಆಗಿದ್ದರೆ ಆಸೆಬುರುಕ ಎನಿಸಿಕೊಂಡು ಮುಗಿಯುತ್ತಿತ್ತು. ಜಯಕ್ಕ ವಾರದ ನಂತರ ಕೇಳಿದಳು, "ಪಾಯಿಂಟು ಬಂತೇನೋ?" ಆಗ ನನ್ನ ಕೊಡೆ ತಾನಾಗಿ ಬಿಚ್ಚಿಕೊಂಡಿತು.

"ಅಕ್ಕಾ, ಎಲ್ಲಾ ಇಂಗ್ಲಿಷಲ್ಲಿತ್ತು. ಎಲ್ಲಿ ಒತ್ಬೇಕು ಅಂತ ಗೊತ್ತಾಗ್ಲಿಲ್ಲ ಕಣೆ. ಬೇರೇದು ಒತ್ಬಿಟ್ಟೆ."

"ಹೋಗ್ಲಿ ಬಿಡು. ತಪ್ಪು ನಂದೇ. ನಾನು ಜೊತೇಲಿ ಬರ್ಬೇಕಿತ್ತು," ಎಂದಳು.

ಯುಗಾದಿಗೆ ಬಂದವಳು ಫ್ರಿಜ್ಜಿನ ಎರಡೂ ಬಾಗಿಲು ತೆಗೆದು ನೋಡಿ, ಎಷ್ಟು ಚೆನ್ನಾಗಿದೆ ಎಂದು ತಾನು ತಂದ ಮಲ್ಲಿಗೆಯನ್ನು ಅದರಲ್ಲಿಟ್ಟಳು. ಮೇಲಿನ ಬಾಗಿಲಿನೊಳಗೆ ಇವತ್ತಿಗೂ ನಾವು ಮಂಜುಗಡ್ಡೆ ಬಿಟ್ಟು ಏನನ್ನೂ ಇಟ್ಟಿಲ್ಲ. ಅದನ್ನು ಯಾರೂ ತಿನ್ನುವುದಿಲ್ಲ.

ನನಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ತಮ್ಮ ನನ್ನನ್ನು ವಿಮಾನ ಹತ್ತಿಸುತ್ತಾನೆ ಎಂದು ಅವಳು ತನ್ನ ಬೀದಿಯಲ್ಲಿ ಹೇಳಿಕೊಂಡುಬಿಟ್ಟಿದ್ದಳು. ಹೋದ ದೀಪಾವಳಿಗೆ ಮುಂಚೆ ಅವಳ ಹಿತ್ತಲಿನ ತೋಟದ ಸುಟ್ಟ ಮೋಟರು ಬಿಚ್ಚಲು ಅಮೃತಾಪುರಕ್ಕೆ ಹೋಗಿದ್ದೆ. ಹಿತ್ತಲಲ್ಲಿ ಕೂತು ಬೋಲ್ಟು ಬಿಚ್ಚುತ್ತಿದ್ದಾಗ, ಪಕ್ಕದ ಮನೆಯ ಗಂಗಮ್ಮ ಜಗಲಿಯಿಂದ ಕೂಗಿದ್ದು ಕೇಳಿಸಿತು: "ಏನ್ ಜಯಕ್ಕ, ನಿನ್ ವಿಮಾನ ಇನ್ನೂ ಪಂಚರ್ ಅಂಗಡೀಲೇ ಇದೆಯಾ?" ನಾಲ್ಕಾರು ಹೆಂಗಸರು ನಕ್ಕರು. ಅದು ಹೊಸ ನಗುವಲ್ಲ, ಬಳಸಿ ಬಳಸಿ ಸವೆದ ನಗು ಎಂದು ಕೇಳಿದ ಕೂಡಲೇ ತಿಳಿಯುತ್ತಿತ್ತು.

ಜಯಕ್ಕ ಹೇಳಿದಳು: "ನಗ್ಬೇಡಿ ಕಣ್ರೇ. ನನ್ ತಮ್ಮ ಓದಿಲ್ಲ, ಪಾಪ. ಆ ಬ್ಯಾಂಕಿನೋರು ಇಂಗ್ಲಿಷಲ್ಲಿ ಏನೋ ತೋರ್ಸಿ ಒತ್ತಿಸ್ಕೊಂಡ್ರು. ಅವ್ನು ನಂಗೆ ಅಂತಾನೇ ಹೋಗಿದ್ದ."

ನಾನು ಸ್ಪ್ಯಾನರ್ ಹಿಡಿದು ಕೂತೇ ಇದ್ದೆ. ಎದ್ದು ಹೋಗಿ ನಿಜ ಹೇಳಲು ಹತ್ತು ಹೆಜ್ಜೆ ಸಾಕಿತ್ತು. ಮೋಟರನ್ನು ಚೀಲಕ್ಕೆ ತುಂಬಿಕೊಂಡು, ಅವಳು ಕೊಟ್ಟ ಕಾಫಿ ಕುಡಿದು, ತರೀಕೆರೆ ಬಸ್ಸು ಹತ್ತಿದೆ. ಬಿಟ್ಟಿಯಾಗಿ ತಂತಿ ಸುತ್ತಿಕೊಟ್ಟೆ. ಒಮ್ಮೆ, ನನ್ನ ದುಡ್ಡಲ್ಲೇ ಟಿಕೆಟ್ಟು ಮಾಡಿಸುತ್ತೇನೆ ಬಾ ಎಂದೂ ಕರೆದೆ. "ಯಾಕೋ ದಂಡ? ನೀನು ಮನಸ್ಸಿಗೆ ಹಚ್ಕೋಬೇಡ," ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಹೊಸ ಕಾರ್ಡಿನ ಲಕೋಟೆ ಬಂದದ್ದು ಇದೆಲ್ಲ ಆದ ಮೇಲೆ. ಅದರ ಜೊತೆ ಒಂದು ಹಾಳೆ ಇತ್ತು, ಕನ್ನಡದಲ್ಲಿ. ಓದಿದೆ. ಎಲ್ಲವೂ ಅರ್ಥವಾಯಿತು. ಅರ್ಥವಾದದ್ದೇ ನನಗೆ ಅವಮಾನವೆನಿಸಿತು. ಮುಂದಿನ ಭಾನುವಾರ ಅಮೃತಾಪುರಕ್ಕೆ ಹೋದೆ.

ಜಯಕ್ಕ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ನಿಂತುಕೊಂಡೇ ಹೇಳಿದೆ, ಹುಡುಗಿ ಎರಡು ಸಲ ಕನ್ನಡದಲ್ಲಿ ಹೇಳಿದ್ದು, ಕೆಂಪು ಫ್ರಿಜ್ಜು, ಎಲ್ಲ. ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೂ ಎರಡು ಹಿಡಿ ಬಿಡಿಸಿದಳು.

"ಫ್ರಿಜ್ಜು ಬೇಕು ಅಂತ ಅಂದಿದ್ರೆ ತಗೊಳ್ಳೋ ಅಂತಿದ್ದೆ," ಎಂದಳು. "ನಾನು ದಡ್ಡಿ ಆಗಿದ್ದಕ್ಕೆ ನಂಗೇನಿಲ್ಲ. ನಿನ್ನ ದಡ್ಡ ಅಂತ ಊರಿಗೆಲ್ಲ ಸಾರ್ಕೊಂಡು ಬಂದ್ನಲ್ಲೋ, ಲೇ. ಒಂದ್ ದಿನಾನೂ ನಿಂಗೆ ನಾಚ್ಕೆ ಆಗ್ಲಿಲ್ವಾ?"

ನಾಚಿಕೆ ಆಯಿತಕ್ಕ ಎಂದೆ.

"ನಂಗೆ ಹೇಳಿದ್ದು ಸಾಕು. ಈಗ ಹೋಗಿ ಗಂಗಮ್ಮಂಗೆ ಹೇಳು."

ಹೋಗಿ ಹೇಳಿದೆ. ಜಗಲಿಯ ಮುಂದೆ ನಿಂತು, ಕೈಕಟ್ಟಿಕೊಂಡು, ಮೇಷ್ಟ್ರಿಗೆ ಪಾಠ ಒಪ್ಪಿಸುವವನ ಹಾಗೆ. ಗಂಗಮ್ಮ ಪೂರ್ತಿ ಕೇಳಿಸಿಕೊಂಡು, "ಅಯ್ಯೋ ಏನಪ್ಪಾ, ಓದಿಲ್ದೇನೇ ಇಷ್ಟು! ಓದಿದ್ರೆ ನಮ್ಮನ್ನೆಲ್ಲ ಮಾರ್ಬಿಡ್ತಿದ್ದೆ," ಎಂದಳು. ಈ ಸಲ ನಗು ಹೊಸದಾಗಿತ್ತು. ಅದು ನನ್ನ ಪಾಲಿನದು, ತೆಗೆದುಕೊಂಡು ಬಂದೆ.

ಅದಾದ ಮೂರನೇ ದಿನ ಜಯಕ್ಕ ಲಗೇಜ್ ಆಟೋ ಮಾಡಿಕೊಂಡು ನಮ್ಮ ಮನೆಗೆ ಬಂದಳು. ಅಟ್ಟ ಹತ್ತಿ ತನ್ನ ಕಾಯಿಯನ್ನೆಲ್ಲ ತಾನೇ ಇಳಿಸಿದಳು. ತರೀಕೆರೆಯಲ್ಲಿ ತನ್ನ ಹೆಸರಿನಲ್ಲೇ ಖಾತೆ ತೆಗೆಸಿದ್ದಾಳಂತೆ. ಊಟ ಮಾಡಿದಳು, ನನ್ನ ಹೆಂಡತಿಯ ಜೊತೆ ನಗುತ್ತಾ ಮಾತಾಡಿದಳು, 'ಅವನಿಗೂ ಬಡಿಸು' ಎಂದು ಅವಳಿಗೆ ಹೇಳಿದಳು. ನನ್ನ ಜೊತೆ ಮಾತಾಡಲಿಲ್ಲ. ಈಗ ಅಂಗಡಿಯಲ್ಲಿ ಯಾರಾದರೂ ಕಾಗದ ಮುಂದೆ ಹಿಡಿದರೆ ಹಳೆಯ ಮಾತು ನಾಲಿಗೆಯ ತುದಿಗೆ ಬರುತ್ತದೆ. ನುಂಗಿಕೊಂಡು ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ಹೊತ್ತು ಹಿಡಿಯುತ್ತದೆ. ಗಿರಾಕಿಗಳು ಗೊಣಗುತ್ತಾರೆ.

ನಿನ್ನೆ ಅವಳೇ ಫೋನ್ ಮಾಡಿದಳು.

"ಕೊಬ್ಬರಿ ಮಾರಾಟ ಆಯ್ತು. ಟಿಕೆಟ್ ಮಾಡ್ಸಿದೀನಿ, ಬರೋ ಬುಧವಾರ. ಕಿಟಕಿ ಪಕ್ಕ."

"ಭಾವಂಗೂ ಮಾಡ್ಸಿದ್ಯಾ?"

"ಅವ್ರು ಭಯ ಬೀಳ್ತಾರೆ. ನಂದೊಂದೇ."

"ಶಿವಮೊಗ್ಗಕ್ಕೆ ನಾನು ಬಿಟ್ಟು ಬರ್ಲಾ ಅಕ್ಕಾ?"

"ತರೀಕೆರೇಲಿ ಬಸ್ಸಿದೆ," ಎಂದಳು. ಫೋನು ಇಡುತ್ತಾಳೆ ಅಂದುಕೊಂಡೆ. ಇಡಲಿಲ್ಲ. ಅವಳ ಹಿತ್ತಲಿನ ಕೋಳಿಗಳ ಸದ್ದು ಕೇಳಿಸುತ್ತಿತ್ತು. ಆಮೇಲೆ, "ಬಂದ್ರೆ ಬಾ. ಬ್ಯಾಗ್ ಹಿಡ್ಕೊಳ್ಳೋಕಾಗುತ್ತೆ. ಬಾಗಿಲ ತನಕ ಅಷ್ಟೇ," ಎಂದಳು.

ವಿಮಾನ ನಿಲ್ದಾಣದ ಬಾಗಿಲು ದಾಟಿ ಒಳಗೆ ಹೋಗಲು ಟಿಕೆಟ್ಟು ಇದ್ದವರಿಗೆ ಮಾತ್ರ ಬಿಡುತ್ತಾರಂತೆ. ನನಗೆ ಅದು ಸರಿ ಅನ್ನಿಸಿತು. ಬುಧವಾರ ಅಂಗಡಿ ಇರುವುದಿಲ್ಲ ಎಂದು ಒಂದು ರಟ್ಟಿನ ಮೇಲೆ ಬರೆಯುತ್ತಿದ್ದೇನೆ, ನನ್ನ ಕೈಯಾರೆ.